ತುಮಕೂರು ಸೀಮೆಯ ಪರಸ್ಥಳವಾಸಿಗಳೂ ತವರಿನ ಆಹಾರವೂ

ದಾರಿಯಲ್ಲಿ ಉಣ್ಣತಕ್ಕ ಆಹಾರಕ್ಕೆ ಸಂಸ್ಕೃತದಲ್ಲಿ ಪಾಥೇಯವೆಂದೂ ಕನ್ನಡದಲ್ಲಿ ಬುತ್ತಿಯೆಂದೂ ಹೆಸರು. ಪಥಿನ್ ಶಬ್ದದಿಂದ ಪಾಥೇಯವನ್ನೂ ಅತಿಥಿ ಶಬ್ದದಿಂದ ಆತಿಥೇಯವನ್ನೂ ಪಾಣಿನಿಯು ನಾಲ್ಕನೆಯ ಅಧ್ಯಾಯದ ಒಂದೇ ಸೂತ್ರದಲ್ಲಿ ಸಾಧಿಸಿರುವನು. ವೈಯಾಕರಣನು ಲಾಘವಕ್ಕಾಗಿ ಇವೆರಡನ್ನು ಜೊತೆಗೂಡಿಸಿದನಾದರೂ, ಊರು ಬಿಟ್ಟವನ ಊಟವು ಯಾವಾಗಲೂ ಈ ಎರಡು ಶಬ್ದಗಳ ನಡುವೆಯೇ ಇರತಕ್ಕದ್ದು. ಕಟ್ಟಿಕೊಂಡು ಹೋದ ಬುತ್ತಿಯು ನಾಲ್ಕು ದಿನಕ್ಕೆ ಮುಗಿಯುತ್ತದೆ. ಆಮೇಲೆ ಪರರ ನಾಡು ಇಕ್ಕಿದುದನ್ನು ಉಣ್ಣಬೇಕು. ಅದು ಒಗ್ಗದೆ ಹೋದರೆ ತನ್ನದನ್ನು ಅರಸಿಕೊಂಡು ನಡೆಯಬೇಕು. ಮೇಘದೂತದ ರಾಜಹಂಸಗಳು ಕೈಲಾಸದವರೆಗೂ ಸಾಲುವಷ್ಟು ತಾವರೆಯ ಎಳೆದಂಟುಗಳನ್ನು ಪಾಥೇಯವಾಗಿ ಕೊಂಡು ಹಾರಿದವೆಂದು ಕವಿಯು ಹೇಳುತ್ತಾನೆ. ಮನುಷ್ಯನಿಗೆ ಈ ಸೌಕರ್ಯವಿಲ್ಲ. ಆದಕಾರಣ ಪರಸ್ಥಳವಾಸಿಯು ತವರಿನ ಆಹಾರಕ್ಕಾಗಿ ಎಷ್ಟು ದೂರ ಹೋಗುವನು, ಆ ದೂರವನ್ನು ಯಾವುದರಿಂದ ಅಳೆಯಬೇಕು ಎಂಬುದು ವಿಚಾರಾರ್ಹವಾದ ಸಂಗತಿ. ತುಮಕೂರು ನಗರ, ಗುಬ್ಬಿ, ಕುಣಿಗಲು ಈ ಮೂರು ಸ್ಥಳಗಳಿಂದ ಹೊರಟವರನ್ನು ಮುಂದಿಟ್ಟುಕೊಂಡು ಇಲ್ಲಿ ಇದನ್ನು ವಿವರಿಸಿದೆ.

ಈ ಸೀಮೆಯ ಆಹಾರವೆಂದರೆ ಮೊದಲನೆಯದು ರಾಗಿ. ‘ಹಿಟ್ಟು’ ಎಂದು ಬರಿದೆ ಹೇಳಿದರೂ ಇಲ್ಲಿ ರಾಗಿಯ ಮುದ್ದೆಯೆಂದೇ ಅರ್ಥ. ಅದರ ಹಿಂದೆ ಅವರೆ, ಹುರುಳಿ, ಹುಚ್ಚೆಳ್ಳು, ಬೆಲ್ಲ, ತೆಂಗು, ಕೊಬ್ಬರಿ. ಇವೆಲ್ಲ ಬಹುಮಟ್ಟಿಗೆ ಬೆದ್ದಲಿನ ಮತ್ತು ತೋಟದ ಬೆಳೆಗಳು. ಗದ್ದೆಯ ಸೀಮೆಯವನು ಹೊರಗೆ ಹೋದರೆ ಅಕ್ಕಿಯನ್ನು ಎಲ್ಲಿಯಾದರೂ ಕಾಣುವನು; ಬೆದ್ದಲಿನ ಸೀಮೆಯವನಿಗೆ ಹಾಗಲ್ಲ. ಈ ಭೇದವನ್ನು ಮರೆತರೆ ಮುಂದಿನ ವಿಷಯವು ಸ್ಪಷ್ಟವಾಗಲಾರದು.

ಮೊದಲು ಹತ್ತಿರದ ದೂರವನ್ನು ನೋಡಬಹುದು. ಈ ಸೀಮೆಯಿಂದ ಹೊರಟವರಲ್ಲಿ ಬಹುಜನರು ಸೇರಿದುದು ಬೆಂಗಳೂರನ್ನು. ಬೆಂಗಳೂರಿನಿಂದ ತುಮಕೂರಿಗೆ ೧೮೮೪ರಲ್ಲಿಯೇ ರೈಲು ಬಂದಿತು. ಕುಣಿಗಲು ಬೆಂಗಳೂರಿಗೆ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿದ್ದರೂ ಅಲ್ಲಿಗೆ ಬೆಂಗಳೂರಿನ ರೈಲು ತಲಪಿದುದು ೨೦೧೭ರಲ್ಲಿ; ಅಂದರೆ ೧೩೩ ವರ್ಷಗಳ ತರುವಾಯ. ಎರಡು ಊರುಗಳಿಗೂ ದಾರಿಯು ಸುಮಾರು ೭೦ ಕಿಲೋಮೀಟರು, ಹಳೆಯ ಲೆಕ್ಕದಲ್ಲಿ ಹದಿನಾಲ್ಕು ಹದಿನೈದು ಹರದಾರಿ. ಗುಬ್ಬಿಯು ತುಮಕೂರಿನಿಂದಾಚೆಗೆ ಇನ್ನೂ ಸುಮಾರು ೨೦ ಕಿಲೋಮೀಟರು. ಇಷ್ಟು ಸಮೀಪದಲ್ಲಿರುವುದರಿಂದ ಬೆಂಗಳೂರಿಗೆ ಹೋದವನು ಅಂಗಡಿಯನ್ನು ಅರಸುವುದಿಲ್ಲ. ಹಬ್ಬಕ್ಕೆ ಊರಿಗೆ ಬಂದು ಹಿಂದಿರುಗುವಾಗ ಒಂದು ಮೂಟೆ ರಾಗಿ, ಹತ್ತು ತೆಂಗಿನಕಾಯಿ, ಒಂದಿಷ್ಟು ಹುರುಳಿ, ಬಸ್ಸಿನ ಮೇಲೋ ರೈಲಿನ ಬೆಂಚಿನ ಕೆಳಗೋ ಇಟ್ಟುಕೊಂಡು ಹೋಗುವನು. ನಗರದಲ್ಲಿ ಅದೇ ರಾಗಿಯು ಬೀದಿಬೀದಿಯಲ್ಲಿಯೂ ದೊರಕುತ್ತದೆ. ಬೆಲೆಯಲ್ಲಿ ಉಳಿತಾಯವೂ ಹೆಚ್ಚಿಲ್ಲ. ಆದರೂ ಮೂಟೆಯು ಹೋಗುತ್ತಲೇ ಇರುವುದು. ಇದನ್ನು ಬುದ್ಧಿಹೀನ ವ್ಯವಹಾರವೆಂದು ಅರ್ಥಶಾಸ್ತ್ರಜ್ಞರು ಹೇಳಿಯಾರು. ಹೊಲದಲ್ಲಿ ಅಣ್ಣತಮ್ಮಂದಿರ ಪಾಲು ಇನ್ನೂ ಒಡೆದಿಲ್ಲವೆಂಬುದಕ್ಕೆ ಆ ಮೂಟೆಯೇ ಸಾಕ್ಷಿಯೆಂಬುದು ಅವರ ಲೆಕ್ಕಕ್ಕೆ ಸಿಕ್ಕುವುದಿಲ್ಲ.

ಬುತ್ತಿ ಕಟ್ಟಲಾಗದ ಆಹಾರವೂ ಉಂಟು. ಅದಕ್ಕೆ ತುಮಕೂರಿನ ಅಂಚಿನಲ್ಲಿರುವ ಕ್ಯಾತ್ಸಂದ್ರದ ತಟ್ಟೆ ಇಡ್ಲಿಯೇ ಉದಾಹರಣೆ. ಇಡ್ಲಿಯ ಹೆಸರು ಕನ್ನಡದಲ್ಲಿ ಬಹು ಪ್ರಾಚೀನವಾದುದು. ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ ‘ಇಡ್ಡಲಿಗೆ’ ಬರುತ್ತದೆ. ಚಾಲುಕ್ಯ ಸೋಮೇಶ್ವರನ ಹನ್ನೆರಡನೆಯ ಶತಮಾನದ ಮಾನಸೋಲ್ಲಾಸದಲ್ಲಿ ‘ಇಡ್ಡರಿಕಾ’ ಎಂಬ ರೂಪವಿದೆ. ಆ ಕಾಲದ ತಿಂಡಿಯು ಉದ್ದಿನದು, ಅಕ್ಕಿಯ ಪ್ರಸ್ತಾಪವಿಲ್ಲ. ಆದಕಾರಣ ಹೆಸರೊಂದೇ ಆದರೂ ಇಂದಿನ ಪದಾರ್ಥವು ಅದೇ ಎಂದು ಹೇಳತಕ್ಕದ್ದಲ್ಲ. ತಟ್ಟೆ ಇಡ್ಲಿಯಾದರೋ ಅಗಲವಾದ ತಟ್ಟೆಗಳಲ್ಲಿ ಹಿಟ್ಟನ್ನು ಹೊಯ್ದು, ತಟ್ಟೆಯ ಮೇಲೆ ತಟ್ಟೆಯನ್ನು ಅಂತರವಿಟ್ಟು ಪೇರಿಸಿ, ಹಬೆಯಲ್ಲಿ ಬೇಯಿಸಿದುದು. ಬಿಸಿಯಿರುವಾಗ ಬೆಣ್ಣೆ ಹಾಕಿ ತಿಂದರೆ ಮೃದು. ಆರಿದರೆ ಅದರ ಸೊಗಸು ಹೋಯಿತು. ಹೀಗಾಗಿ ಈ ಇಡ್ಲಿಯು ತಿನ್ನುವವನ ಬಳಿಗೆ ಹೋಗುವುದಿಲ್ಲ, ತಿನ್ನುವವನೇ ಇದರ ಬಳಿಗೆ ಬರಬೇಕು. ಬೆಂಗಳೂರಿನಿಂದ ಭಾನುವಾರದ ಬೆಳಿಗ್ಗೆ ಇದೊಂದಕ್ಕಾಗಿಯೇ ಹೊರಟು ಬರುವವರೂ, ಉತ್ತರದ ಜಿಲ್ಲೆಗಳ ಕಡೆಗೆ ಹೋಗುವಾಗ ಹೆದ್ದಾರಿಯನ್ನು ಬಿಟ್ಟು ಒಳದಾರಿಯನ್ನು ಹಿಡಿಯುವವರೂ ಇರುವರು. ಸಮುದ್ರದಾಚೆಗೆ ಹೋದವರು ಇಡ್ಲಿಯನ್ನು ಒಯ್ಯಲಾರದೆ ತಟ್ಟೆಗಳನ್ನೇ ಪೆಟ್ಟಿಗೆಯಲ್ಲಿಟ್ಟು ಒಯ್ಯುತ್ತಾರೆ. ಮುದ್ದೆ ತಿರುವುವ ಕೋಲನ್ನೂ ಹೀಗೆಯೇ ಬಟ್ಟೆಗಳ ನಡುವೆ ಸುತ್ತಿ ಒಯ್ಯುವುದುಂಟು.

ಇನ್ನು ರಾಗಿಯ ವಿಚಾರ. ಈ ಧಾನ್ಯದಂತೆ ದೂರ ಪ್ರಯಾಣಕ್ಕೆ ಯೋಗ್ಯವಾದುದು ಮತ್ತೊಂದು ದುರ್ಲಭ. ಕನಕದಾಸರ ರಾಮಧಾನ್ಯಚರಿತೆಯಲ್ಲಿ ವ್ರೀಹಿಗೂ ನರೆದಲೆಗನಿಗೂ ಹಿರಿಮೆಯ ವ್ಯಾಜ್ಯವು ಹುಟ್ಟಿದಾಗ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಲಾಯಿತು. ನೆಲ್ಲು ಕೆಟ್ಟಿತು, ರಾಗಿ ಉಳಿಯಿತು, ರಾಘವನ ಹೆಸರನ್ನು ಪಡೆಯಿತು. ಹೆಸರಿನ ಈ ನಿಷ್ಪತ್ತಿಯು ಕವಿಯ ಭಕ್ತಿಗೆ ಸಲ್ಲತಕ್ಕದ್ದೇ ಹೊರತು ಶಬ್ದಶಾಸ್ತ್ರಕ್ಕೆ ಸಲ್ಲುವುದಲ್ಲ. ಆದರೆ ಧಾನ್ಯದ ಗುಣವನ್ನು ಹೇಳಿದುದು ಒಕ್ಕಲಿಗನ ಅನುಭವಕ್ಕೆ ಸರಿಯಾಗಿದೆ. ಹಗೇವಿನಲ್ಲಿ ಹಾಕಿದ ರಾಗಿಯು ವರ್ಷಗಟ್ಟಲೆ ಕೆಡದೆ ಉಳಿದು ಕ್ಷಾಮಕಾಲದಲ್ಲಿ ಜನರನ್ನು ಕಾಪಾಡಿದೆ. ತೊಡಕು ಬರುವುದು ಬೇರೆ ಕಡೆಯಲ್ಲಿ. ಕಾಳಿಗಿರುವ ದೀರ್ಘಾಯುಷ್ಯವು ಬೀಸಿದ ಹಿಟ್ಟಿಗಿಲ್ಲ. ಕಾಳನ್ನು ಒಯ್ದವನಿಗೆ ಬೀಸುವ ಯಂತ್ರ ಬೇಕು. ಹಿಟ್ಟನ್ನು ಒಯ್ದವನು ಕೆಲವು ತಿಂಗಳೊಳಗೆ ಮುಗಿಸಬೇಕು. ಬೆಂಗಳೂರಿನಲ್ಲಿ ಹಿಟ್ಟಿನ ಗಿರಣಿಯು ಇರುವುದರಿಂದ ಅಲ್ಲಿಗೆ ಕಾಳು ಹೋಗುತ್ತದೆ. ವಿದೇಶಗಳಿಗೆ ಹಿಟ್ಟು ಹೋಗುತ್ತದೆ; ಮೊಳೆಯಬಲ್ಲ ಬೀಜವನ್ನು ತಡೆಯುವ ಕಟ್ಟುಪಾಡು ಕೆಲವು ದೇಶಗಳಲ್ಲಿ ಕಠಿನವಾಗಿರುವುದೂ ಇದಕ್ಕೆ ಇನ್ನೊಂದು ಕಾರಣ. ಹೀಗೆ ದೂರವು ಬೆಳೆದಂತೆ ಧಾನ್ಯದ ರೂಪವೇ ಮಾರ್ಪಡುವುದನ್ನು ಕಾಣಬಹುದು.

ಹಿಟ್ಟು ಮುಗಿದಮೇಲೆ ಅಂಗಡಿಯನ್ನು ಅರಸಬೇಕಷ್ಟೆ. ಮೈಲಿಗಳ ಲೆಕ್ಕಕ್ಕಿಂತ ಶಬ್ದಗಳ ಲೆಕ್ಕವು ಹೆಚ್ಚು ಮುಖ್ಯವಾಗುವುದು ಇಲ್ಲಿಯೇ. ಮುಂಬಯಿಯಲ್ಲಿ ಕನ್ನಡಿಗರೂ ತಮಿಳರೂ ಬಹುಕಾಲದಿಂದ ಮಾಟುಂಗದ ಅಂಗಡಿಗಳಿಗೆ ಹೋಗುತ್ತಿರುವರು. ದೆಹಲಿಯಲ್ಲಿ ದಕ್ಷಿಣದ ಪದಾರ್ಥಗಳಿಗೆ ಐ.ಎನ್.ಎ. ಮಾರುಕಟ್ಟೆಯು ಹೆಸರಾಗಿದೆ. ಗುಬ್ಬಿಯಿಂದ ಹೋದವನೊಬ್ಬನು ಮುಂಬಯಿಯ ಹೊರವಲಯದಲ್ಲಿ ನೆಲಸಿ, ರಾಗಿಗಾಗಿ ಲೋಕಲ್ ರೈಲಿನಲ್ಲಿ ಮಾಟುಂಗಕ್ಕೆ ಹೋಗಿಬರುವನೆಂದು ಇಟ್ಟುಕೊಳ್ಳೋಣ. ಅವನ ಮನೆಯ ಕೆಳಗಣ ಕಿರಾಣಿ ಅಂಗಡಿಯಲ್ಲಿ ‘ನಾಚ್ಣಿ’ ಎಂಬ ಹೆಸರಿನಿಂದ ಅದೇ ಧಾನ್ಯವು ಮೂಟೆಯಲ್ಲಿ ಕುಳಿತಿರುತ್ತದೆ. ಮರಾಠಿಯ ಹೆಂಗಸರು ಅದರಿಂದ ಭಾಕರಿ ತಟ್ಟುತ್ತಿರುತ್ತಾರೆ. ಹೆಸರು ತಿಳಿಯದವನಿಗೆ ಅದು ಇಲ್ಲದ ಹಾಗೆಯೇ. ತಮಿಳರಿಗೆ ಇದು ಕೇಳ್ವರಗು, ತೆಲುಗರಿಗೆ ರಾಗುಲು ಅಥವಾ ಚೋಡಿ, ಹಿಮಾಲಯದ ಗಢವಾಲದಲ್ಲಿ ಮಂಡುವಾ, ನೇಪಾಳದಲ್ಲಿ ಕೋದೋ. ಈ ಕಡೆಯ ಹೆಸರಿನಲ್ಲಿ ಎಚ್ಚರಿಕೆ ಬೇಕು. ಹಿಂದಿಯಲ್ಲಿ ಕೋದೋ ಎಂದರೆ ಕನ್ನಡದ ಹಾರಕ, ಬೇರೊಂದು ಧಾನ್ಯ. ಸಿಂಹಳದಲ್ಲಿ ಕುರಕ್ಕನ್. ಲಂಡನ್ನಿನಲ್ಲಿ ಸಿಂಹಳ ದ್ವೀಪದ ತಮಿಳರ ಅಂಗಡಿಗಳು ಹಲವು ಇರುವುದರಿಂದ, ಕುರಕ್ಕನ್ ಎಂಬ ಶಬ್ದವನ್ನು ಬಲ್ಲ ಕುಣಿಗಲಿನವನಿಗೆ ರಾಗಿಯು ಅರ್ಧ ಮೈಲಿಯಲ್ಲಿ ದೊರಕೀತು. ಬಲ್ಲದವನು ನಗರದ ಒಂದು ಕೊನೆಯಿಂದ ಮತ್ತೊಂದು ಕೊನೆಗೆ ಹೋದಾನು.

ಇದಕ್ಕಿಂತಲೂ ವಿಸ್ಮಯಕರವಾದುದು ಇಥಿಯೋಪಿಯದವರ ಅಂಗಡಿ. ರಾಗಿಯ ಮೂಲಸ್ಥಾನವು ಪೂರ್ವ ಆಫ್ರಿಕದ ಎತ್ತರದ ಪ್ರದೇಶವೆಂದು ಸಸ್ಯಶಾಸ್ತ್ರಜ್ಞರು ಒಪ್ಪಿರುವರು. ಇಥಿಯೋಪಿಯದಲ್ಲಿ ಅದನ್ನು ಇಂದಿಗೂ ಬೆಳೆದು ‘ದಗೂಸಾ’ ಎಂದು ಕರೆಯುತ್ತಾರೆ. ಹುಚ್ಚೆಳ್ಳಿನ ತವರೂ ಅದೇ ನಾಡು. ಅಲ್ಲಿಯ ಹೆಸರು ‘ನೂಗ್’. ಬಯಲುಸೀಮೆಯ ರೈತನು ರಾಗಿಯ ಹೊಲದಲ್ಲಿ ಸಾಲುಸಾಲಾಗಿ ಹುಚ್ಚೆಳ್ಳನ್ನು ಬಿತ್ತುವನಲ್ಲವೆ? ಆ ಎರಡು ಬೆಳೆಗಳೂ ಎಂದೋ ಸಮುದ್ರವನ್ನು ದಾಟಿ ಬಂದ ಪರಸ್ಥಳದವು. ಇಂದು ವಾಷಿಂಗ್ಟನ್ ನಗರದಲ್ಲಿ ಇಥಿಯೋಪಿಯದ ಜನರು ಬಹುಸಂಖ್ಯೆಯಲ್ಲಿ ನೆಲಸಿ ಅಂಗಡಿಗಳನ್ನಿಟ್ಟಿರುವರು. ಹುಚ್ಚೆಳ್ಳಿನ ಚಟ್ನಿಪುಡಿಯನ್ನು ಬಯಸುವ ತುಮಕೂರಿನವರಿಗೆ ಭಾರತೀಯರ ಅಂಗಡಿಗಿಂತಲೂ ಈ ಅಂಗಡಿಯೇ ಹೆಚ್ಚು ಸಹಾಯಕವಾಗಬಲ್ಲದು. ಅಮೆರಿಕದ ಸಾಮಾನ್ಯ ಅಂಗಡಿಗಳಲ್ಲಿಯೂ ಹುಚ್ಚೆಳ್ಳು ಮೂಟೆಗಟ್ಟಲೆ ಮಾರಾಟವಾಗುತ್ತದೆ, ಆದರೆ ಹಕ್ಕಿಗಳ ಮೇವಾಗಿ! ಅದರೊಡನೆ ಕಳೆಯ ಬೀಜಗಳು ದೇಶವನ್ನು ಹೊಗದಿರಲೆಂದು ಆಮದಿನ ಕಾಲದಲ್ಲಿ ಕಾಯಿಸಿ ಮೊಳಕೆಯ ಶಕ್ತಿಯನ್ನು ಕೊಂದಿರುತ್ತಾರೆ. ಅದು ಮನುಷ್ಯರ ಊಟಕ್ಕಾಗಿ ಹಸನುಮಾಡಿದುದಲ್ಲವಾದಕಾರಣ ಅದನ್ನು ಕೊಂಡು ಚಟ್ನಿ ಮಾಡುವುದು ತಕ್ಕುದಲ್ಲ.

ಹುರುಳಿಯ ವಿಷಯದಲ್ಲಿ ಸಂಸ್ಕೃತವೇ ಊರುಗೋಲಾಗುತ್ತದೆ. ಕುಲತ್ಥವೆಂಬ ಶಬ್ದವು ಹಿಂದಿಯಲ್ಲಿ ಕುಲ್ಥೀ, ಮರಾಠಿಯಲ್ಲಿ ಕುಳೀಥ, ಗುಜರಾತಿಯಲ್ಲಿ ಕಳಥೀ ಎಂದು ಉಳಿದುಬಂದಿರುವುದರಿಂದ, ಆ ಒಂದು ಮಾತನ್ನು ಬಲ್ಲವನು ಗುಜರಾತಿಯ ಅಂಗಡಿಯಲ್ಲಿ ತೊಡಕಿಲ್ಲದೆ ಹುರುಳಿಯನ್ನು ಕೊಳ್ಳಬಲ್ಲನು. ಹುಚ್ಚೆಳ್ಳಿಗೆ ಕನ್ನಡದಲ್ಲಿಯೇ ಉತ್ತರದ ಕಡೆ ಗುರೆಳ್ಳು ಎಂಬ ಬೇರೆ ಹೆಸರಿದೆ. ಧಾರವಾಡದವನ ಅಂಗಡಿಯಲ್ಲಿ ತುಮಕೂರಿನವನು ‘ಹುಚ್ಚೆಳ್ಳು’ ಕೇಳಿ ಬರಿಗೈಯಲ್ಲಿ ಹಿಂದಿರುಗಿದರೆ ಆಶ್ಚರ್ಯವಿಲ್ಲ. ನಿಘಂಟುಗಳನ್ನು ರಚಿಸುವವರು ಧಾನ್ಯಗಳ ಪ್ರಾಂತಭೇದದ ಹೆಸರುಗಳನ್ನು ಒಂದೆಡೆಗೆ ಕೂಡಿಸಿಕೊಟ್ಟರೆ ಅದು ಕೇವಲ ಪಂಡಿತರ ಉಪಯೋಗಕ್ಕೆ ಮಾತ್ರವಾಗಿರಲಾರದು.

ಅಮೆರಿಕಕ್ಕೆ ಕನ್ನಡಿಗರು ಹೆಚ್ಚಾಗಿ ಹೋಗತೊಡಗಿದುದು, ಅಲ್ಲಿಯ ವಲಸೆಯ ಕಾಯಿದೆಯು ೧೯೬೫ರಲ್ಲಿ ಮಾರ್ಪಟ್ಟ ಮೇಲೆ. ೧೯೭೩ರ ಹೊತ್ತಿಗೆ ನ್ಯೂಯಾರ್ಕಿನಲ್ಲಿಯೂ ಕ್ಯಾಲಿಫೋರ್ನಿಯದ ಉತ್ತರಭಾಗದಲ್ಲಿಯೂ ಕನ್ನಡ ಕೂಟಗಳು ಹುಟ್ಟಿದುವು. ಆಗ ಭಾರತೀಯ ಸಾಮಗ್ರಿಯನ್ನು ಮಾರುವ ಅಂಗಡಿಗಳು ಬಹು ವಿರಳ. ನ್ಯೂಯಾರ್ಕಿನ ಲೆಕ್ಸಿಂಗ್ಟನ್ ಬೀದಿಯಲ್ಲಿ ಅರ್ಮೇನಿಯದವನೊಬ್ಬನು ೧೯೪೪ರಲ್ಲಿ ತೆರೆದಿದ್ದ ಕಲುಸ್ಟಿಯನ್ಸ್ ಎಂಬ ಅಂಗಡಿಯೇ ಹಲವರಿಗೆ ಗತಿಯಾಗಿತ್ತು. ಷಿಕಾಗೋ ನಗರದ ಡೆವನ್ ಬೀದಿಯಲ್ಲಿ ೧೯೭೪ರಲ್ಲಿ ಪಟೇಲ್ ಬ್ರದರ್ಸ್ ಎಂಬ ಗುಜರಾತಿಗಳ ಅಂಗಡಿಯು ಆರಂಭವಾಯಿತು. ಸುತ್ತಣ ಸಂಸ್ಥಾನಗಳ ಭಾರತೀಯರಿಗೆ ಆ ಬೀದಿಯು ಸಂತೆಯಾಯಿತು. ಮಿಲ್ವಾಕಿಯಿಂದ ಷಿಕಾಗೋವಿಗೆ ಸುಮಾರು ೧೫೦ ಕಿಲೋಮೀಟರು. ಕುಣಿಗಲಿನಿಂದ ಬೆಂಗಳೂರಿಗೆ ಹೋಗಿ ಮರಳಿ ಬರುವಷ್ಟು ದಾರಿ. ಇದನ್ನು ಒಂದು ಚೀಲ ಬೇಳೆಗಾಗಿ ಒಂದೇ ದಿಕ್ಕಿನಲ್ಲಿ ನಡೆಸಬೇಕು. ಹಿಮ ಬಿದ್ದಾಗ ಅದೂ ಇಲ್ಲ. ಆದುದರಿಂದ ತಿಂಗಳಿಗೊಮ್ಮೆ ಒಬ್ಬರು ಹೋಗಿ ನಾಲ್ಕು ಮನೆಗೆ ಸಾಮಾನು ತರುವ ಪದ್ಧತಿಯು ಅನೇಕ ಊರುಗಳಲ್ಲಿ ಏರ್ಪಟ್ಟಿತು. ಹಳ್ಳಿಯಿಂದ ಸಂತೆಗೆ ಗಾಡಿ ಕಟ್ಟುವವನ ಕೈಯಲ್ಲಿ ನೆರೆಹೊರೆಯವರು ಚೀಲ ಕೊಡುತ್ತಿದ್ದ ವಾಡಿಕೆಗೂ ಇದಕ್ಕೂ ಭೇದವು ಅಲ್ಪ.

ಆ ಅಂಗಡಿಗಳನ್ನು ಇಟ್ಟವರು ಬಹುಮಟ್ಟಿಗೆ ಗುಜರಾತಿಗಳು. ಅವರು ತಮ್ಮ ಜನರ ಊಟಕ್ಕೆ ಬೇಕಾದುದನ್ನು ತಮ್ಮ ಹೆಸರುಗಳಿಂದ ತರಿಸಿದರು. ಕನ್ನಡಿಗನ ಪದಾರ್ಥವು ಅಲ್ಲಿ ದೊರೆತುದು ಬಹುವೇಳೆ ಪರರ ಪದಾರ್ಥದ ವೇಷದಲ್ಲಿ. ಬೆಂಗಳೂರಿನ ಎಂ.ಟಿ.ಆರ್. ಸಂಸ್ಥೆಯ ಪೊಟ್ಟಣಗಳು ಬಂದಮೇಲೆ ಪುಳಿಯೋಗರೆ, ಬಿಸಿಬೇಳೆಭಾತು ಎಂಬ ಕನ್ನಡದ ಹೆಸರುಗಳು ಆ ಕಪಾಟುಗಳನ್ನು ಸೇರಿದುವು. ೧೯೨೪ರಲ್ಲಿ ಬೆಂಗಳೂರಿನಲ್ಲಿ ಉಪಾಹಾರಗೃಹವಾಗಿ ಹುಟ್ಟಿದ ಮನೆತನದ ಈ ಪೊಟ್ಟಣದ ವ್ಯಾಪಾರವು ೨೦೦೭ರಲ್ಲಿ ನಾರ್ವೆ ದೇಶದ ಒರ್ಕ್ಲಾ ಎಂಬ ಕಂಪನಿಯ ವಶವಾಯಿತು. ಪೊಟ್ಟಣಗಳು ಉಪಕಾರಕವೇ ಸರಿ. ಆದರೆ ಅವುಗಳಲ್ಲಿ ದೊರಕುವುದು ಬೆಂಗಳೂರು ಮೈಸೂರುಗಳ ಅನ್ನದ ಊಟವೇ ಹೊರತು ಗುಬ್ಬಿಯ ಹೊಲದ ಊಟವಲ್ಲ.

೨೦೨೩ನೆಯ ವರ್ಷವು ಈ ಎರಡು ಊಟಗಳ ತಾರತಮ್ಯವನ್ನು ವಿಚಿತ್ರವಾಗಿ ತೋರಿಸಿತು. ವಿಶ್ವಸಂಸ್ಥೆಯು ಆ ವರ್ಷವನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತ್ತು. ಅದೇ ವರ್ಷ ಜುಲೈ ೨೦ರಂದು ಭಾರತ ಸರ್ಕಾರವು ಬಾಸುಮತಿಯಲ್ಲದ ಬಿಳಿಯ ಅಕ್ಕಿಯ ರಫ್ತನ್ನು ನಿಷೇಧಿಸಿತು. ವರ್ತಮಾನವು ಮುಟ್ಟಿದ ಕೂಡಲೆ ಅಮೆರಿಕದ ಭಾರತೀಯ ಅಂಗಡಿಗಳ ಮುಂದೆ ಜನಸಂದಣಿಯಾಯಿತು. ಸೋನಾ ಮಸೂರಿಯ ಮೂಟೆಗಳಿಗಾಗಿ ಒಂದು ಅಂಗಡಿಯಿಂದ ಮತ್ತೊಂದಕ್ಕೆ ಜನರು ಅಲೆದರು. ಕೆಲವೆಡೆ ಮನೆಗೊಂದೇ ಮೂಟೆಯೆಂಬ ಕಟ್ಟಳೆಯಾಯಿತು. ನಿಷೇಧವು ತೆಗೆದುದು ೨೦೨೪ರ ಸೆಪ್ಟೆಂಬರಿನಲ್ಲಿ. ಆ ದಿನಗಳಲ್ಲಿ ರಾಗಿಯ ಹಿಟ್ಟಿಗೆ ಯಾವ ನಿಷೇಧವೂ ಇರಲಿಲ್ಲ. ವ್ರೀಹಿಗೆ ಮತ್ತೊಮ್ಮೆ ಸೆರೆಯಾಯಿತು, ನರೆದಲೆಗನು ಹೊರಗೆ ಉಳಿದನು ಎಂದು ರಾಮಧಾನ್ಯಚರಿತೆಯನ್ನು ಓದಿದವರಿಗೆ ತೋರಿದ್ದರೆ ತಪ್ಪೇನೂ ಇಲ್ಲ.

ಕೊಬ್ಬರಿಯ ಗತಿಯು ಇದಕ್ಕೆ ವಿರುದ್ಧವಾದುದು. ತಿಪಟೂರಿನ ಕೊಬ್ಬರಿಯ ಪೇಟೆಯು ದೇಶದಲ್ಲೆಲ್ಲ ಹೆಸರಾಗಿದೆ. ಗುಬ್ಬಿಯ ತೋಟಗಳ ಕೊಬ್ಬರಿಯೂ ಅತ್ತ ಹೋಗುತ್ತದೆ. ತವರುಮನೆಯಿಂದ ಮಗಳನ್ನು ಕಳುಹಿಸುವಾಗ ಕೊಬ್ಬರಿ ಬೆಲ್ಲಗಳಿಲ್ಲದೆ ಮಡಿಲು ತುಂಬುವುದುಂಟೆ? ಆದರೆ ಎಣ್ಣೆಯ ಅಂಶವು ಹೆಚ್ಚಾಗಿರುವುದರಿಂದ ಕೊಬ್ಬರಿಯು ತಾನಾಗಿಯೇ ಕಾವೇರಿ ಉರಿಯಬಲ್ಲುದೆಂದು, ಅಪಾಯಕರ ಸರಕುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದನ್ನು ೧೩೬೩ನೆಯ ಸಂಖ್ಯೆಯಲ್ಲಿ ಸೇರಿಸಲಾಗಿದೆ. ಹೀಗಾಗಿ ಭಾರತದಿಂದ ಹೊರಡುವ ವಿಮಾನಗಳಲ್ಲಿ ಪ್ರಯಾಣಿಕರ ಗಂಟಿನಲ್ಲಿ ಕೊಬ್ಬರಿಗೆ ಪ್ರವೇಶವಿಲ್ಲ. ಮಡಿಲಿಗೆ ಹಾಕಿದ ಕೊಬ್ಬರಿ ಬಟ್ಟಲು ವಿಮಾನನಿಲ್ದಾಣದ ತಪಾಸಣೆಯ ಮೇಜಿನ ಮೇಲೆಯೇ ಉಳಿಯುತ್ತದೆ. ಬೆಲ್ಲವು ಮಾತ್ರ ಮುಂದೆ ಹೋಗುತ್ತದೆ. ಹಸಿಯ ಕರಿಬೇವಿಗೂ ಅಮೆರಿಕದ ಬಾಗಿಲು ಮುಚ್ಚಿದೆ. ಕಿತ್ತಳೆ ನಿಂಬೆಗಳಿಗೆ ರೋಗವನ್ನು ಹರಡುವ ಒಂದು ಕೀಟವು ಕರಿಬೇವಿನ ಗಿಡದಲ್ಲಿಯೂ ಬದುಕುವುದೇ ಕಾರಣ. ಈ ಕಟ್ಟುಪಾಡುಗಳನ್ನು ಕೇವಲ ಕಾಟವೆಂದು ಭಾವಿಸುವುದು ಸರಿಯಲ್ಲ. ತನ್ನ ತೋಟವನ್ನು ಕಾಪಾಡಿಕೊಳ್ಳುವುದು ಯಾವ ದೇಶದವನಿಗೂ ಸಹಜ, ಗುಬ್ಬಿಯ ತೆಂಗಿನ ತೋಟದವನು ಇದನ್ನು ಬೇಗನೆ ಒಪ್ಪುವನು.

ದೂರವನ್ನು ಜನರು ಯಾವಾಗ ಲೆಕ್ಕಿಸುವುದಿಲ್ಲವೆಂಬುದನ್ನು ನೋಡಿದರೆ ಆಹಾರದ ನಿಜವಾದ ಬೆಲೆಯು ತಿಳಿಯುತ್ತದೆ. ಮನೆಯಲ್ಲಿ ಕೂಸು ಹುಟ್ಟಿದಾಗ ರಾಗಿಯ ಸರಿಗಾಗಿ ಪಡುವ ಪ್ರಯಾಸವು ಮುದ್ದೆಗಾಗಿ ಪಡುವುದಕ್ಕಿಂತ ಹೆಚ್ಚು. ಬಾಣಂತನಕ್ಕೆಂದು ಸಮುದ್ರ ದಾಟುವ ಅಜ್ಜಿಯು ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಜರಡಿಹಿಡಿದು ಆ ಹಿಟ್ಟನ್ನು ತನ್ನ ಬಟ್ಟೆಬರೆಗಿಂತ ಜೋಕೆಯಾಗಿ ಒಯ್ಯುವಳು. ಅದು ಮುಗಿಯುವ ಮೊದಲೇ ಆಕೆ ಹಿಂದಿರುಗಬೇಕಾಗಿ ಬಂದರೆ, ಆ ವಿದ್ಯೆಯು ಮಗಳ ಕೈಗೆ ಬಂದಿದೆಯೋ ಇಲ್ಲವೋ ಎಂಬುದೇ ಮುಂದಿನ ಪ್ರಶ್ನೆ. ಪೊಟ್ಟಣದಲ್ಲಿ ಮೊಳಕೆಯ ಹಿಟ್ಟು ಈಗ ದೊರಕುತ್ತದೆ. ಮನೆಬಾಗಿಲಿಗೇ ತಂದುಕೊಡುವ ಏರ್ಪಾಡುಗಳೂ ಆಗಿವೆ. ಆದುದರಿಂದ ೧೯೭೪ರಲ್ಲಿ ನೂರಾರು ಕಿಲೋಮೀಟರುಗಳಾಗಿದ್ದ ದೂರವು ಇಂದು ಹಲವರಿಗೆ ಬಾಗಿಲವರೆಗಿನ ನಾಲ್ಕು ಹೆಜ್ಜೆಗಳಾಗಿದೆ. ಹಿಂದೆ ಮುದ್ದೆಯನ್ನು ಬಡವರ ಊಟವೆಂದು ಪಟ್ಟಣದಲ್ಲಿ ಮರೆಸುತ್ತಿದ್ದವರ ಮಕ್ಕಳೇ ಈಗ ಅದನ್ನು ತರಿಸಿಕೊಳ್ಳುವರೆಂಬುದು ಬೇರೆ ಮಾತು. ಸಿದ್ಧಗಂಗೆಯ ದಾಸೋಹದಲ್ಲಿ ಮುದ್ದೆಯುಂಡು ಓದಿ ಹೊರಟವರಾದರೋ ಅದನ್ನು ಎಂದೂ ಮರೆಸಿದವರಲ್ಲ.

ಉಳಿದುದು ಅವರೆಯ ವಿಷಯ. ಚಳಿಗಾಲದ ಸೊಗಡಿನ ಅವರೆಕಾಯಿಯು ಬುತ್ತಿಗೂ ಒಗ್ಗದು, ಹಡಗಿಗೂ ಒಗ್ಗದು. ಡಿಸೆಂಬರು ಜನವರಿಗಳಲ್ಲಿ ಕುಣಿಗಲು ಮಾಗಡಿಗಳ ಕಡೆಯಿಂದ ಬೆಂಗಳೂರಿಗೆ ಅವರೆಯ ಮೂಟೆಗಳು ಬರುತ್ತವೆ. ಅಲ್ಲಿ ಅದರದೇ ಒಂದು ಮೇಳವು ನಡೆಯುತ್ತ ಬಂದಿದೆ. ಮನೆಮನೆಗಳಲ್ಲಿ ಹೆಂಗಸರು ರಾತ್ರಿಯ ಹೊತ್ತು ಕುಳಿತು ನೆನೆದ ಕಾಳನ್ನು ಹಿಸುಕಿ ಸಿಪ್ಪೆ ತೆಗೆಯುವರು. ವಿದೇಶದಲ್ಲಿರುವವರು ಬಹುಕಾಲ ಇದನ್ನು ನೆನೆಸಿಕೊಳ್ಳುವುದರಲ್ಲಿಯೇ ತೃಪ್ತರಾಗಿದ್ದರು. ಕಡೆಗೆ ಅದು ದೊರೆತುದು ಗುಜರಾತಿಯ ಅಂಗಡಿಯ ಮಂಜಿನ ಪೆಟ್ಟಿಗೆಯಲ್ಲಿ. ಸೂರತ್ತಿನವರು ಉಂಧಿಯು ಎಂಬ ತಮ್ಮ ಚಳಿಗಾಲದ ಪಲ್ಯಕ್ಕಾಗಿ ‘ಸುರ್ತೀ ಪಾಪಡೀ ಲೀಲ್ವಾ’ ಎಂಬ ಹೆಸರಿನಿಂದ ತರಿಸುವ ಹಸಿಯ ಕಾಳು ಅವರೆಯ ಜಾತಿಯದೇ. ಸೊಗಡು ಸ್ವಲ್ಪ ಕಡಮೆ. ಆದರೂ ಹಿಸುಕಿದರೆ ಬೇಳೆಯು ಬರುತ್ತದೆ, ಸಾರು ಆಗುತ್ತದೆ. ಈ ಸಂಗತಿಯನ್ನು ಮೊದಲು ಕಂಡವರು ಯಾರೆಂಬುದಕ್ಕೆ ದಾಖಲೆಯಿಲ್ಲ. ಕನ್ನಡಿಗರ ಮನೆಗಳಲ್ಲಿ ಅದು ಬಾಯಿಂದ ಬಾಯಿಗೆ ಹರಡಿ, ಇಂದು ಸಂಕ್ರಾಂತಿಯ ಹೊತ್ತಿಗೆ ಆ ಪೆಟ್ಟಿಗೆಯು ಬರಿದಾಗುವುದಕ್ಕೆ ಸೂರತ್ತಿನವರಷ್ಟೇ ಕಾರಣರಲ್ಲ.